ಎಪ್ಪತ್ತು ಅಕ್ಷರಗಳ ಆಸರೆ

ಮಾದಕ ವ್ಯಸನದ ಚಿಕಿತ್ಸೆಗೆ ನಿಗದಿತ ವೇಳೆಯಿದೆ. ವ್ಯಸನದ ಸೆಳೆತಕ್ಕೆ ಹೊತ್ತುಗೊತ್ತಿಲ್ಲ. ಆಪ್ತಸಮಾಲೋಚಕರು ಮನೆ ಸೇರಿದ ಮೇಲೆ, ಬಾಡಿಗೆ ಕೋಣೆಯ ಒಂಟಿ ರಾತ್ರಿಯಲ್ಲಿ ಅದು ಬಲಿಯುತ್ತದೆ. ಆಗ ರೋಗಿಯ ಕೈಗೆಟುಕುವುದು ಮೊಬೈಲು. ಅದಕ್ಕೆ ಬರುವ ಕಿರುಸಂದೇಶ ಚಿಕಿತ್ಸೆಯ ಭಾಗವಾಗಬೇಕು ಮತ್ತು ರೋಗಿಯ ತಾಯ್ನುಡಿಯಲ್ಲಿರಬೇಕು ಎಂಬುದು ನಮ್ಮ ನಿಲುವು.

ಇದು ಬರಿಯ ಊಹೆಯಲ್ಲ. ಧೂಮಪಾನ ಬಿಡಬಯಸಿದ 5,800 ಮಂದಿಯನ್ನು ಕುರಿತು ಬ್ರಿಟನ್ನಿನಲ್ಲಿ ನಡೆದ ಅಧ್ಯಯನ 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನೆರವಿನ ಸಂದೇಶ ಪಡೆದವರಲ್ಲಿ ಶೇ. 10.7 ಮಂದಿ ಆರು ತಿಂಗಳ ಬಳಿಕವೂ ಹೊಗೆಯಿಂದ ದೂರವಿದ್ದರು, ಉಳಿದವರಲ್ಲಿ ಶೇ. 4.9 ಮಾತ್ರ. ಸೆಳೆತ ಬಂದಾಗ ಒಂದು ಪದ ಕಳುಹಿಸಿದರೆ ಕೂಡಲೇ ಉತ್ತರ ಬರುವ ಏರ್ಪಾಡೂ ಅಲ್ಲಿತ್ತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ 2016ರಲ್ಲಿ ತಂಬಾಕು ಬಿಡುವವರಿಗಾಗಿ ‘ಎಂ-ಸೆಸೇಶನ್’ ಸಂದೇಶ ಸೇವೆಯನ್ನು ಆರಂಭಿಸಿತು.

ಹೆರಾಯಿನ್ನಿನ ಹಿಡಿತ ತಂಬಾಕಿನಂಥದಲ್ಲ, ಒಪ್ಪೋಣ. ಅಲ್ಲಿ ಬ್ಯುಪ್ರೆನಾರ್ಫಿನ್‌ನಂಥ ಔಷಧವೂ ವೈದ್ಯರ ನಿಗಾವೂ ಬೇಕು. ಸಂದೇಶ ಅವುಗಳ ಸ್ಥಾನ ತುಂಬಲಾರದು. ಆದರೆ ಕೆಲಕಾಲ ಬಿಟ್ಟಿದ್ದವನ ದೇಹ ಹಳೆಯ ಪ್ರಮಾಣವನ್ನು ತಾಳದು. ಒಮ್ಮೆ ಮರಳಿದರೂ ಪ್ರಾಣಕ್ಕೆ ಎರವಾದೀತು. ಹೀಗಿರುವಾಗ ಎರಡು ಭೇಟಿಗಳ ನಡುವಿನ ದಿನಗಳನ್ನು ಬರಿದಾಗಿ ಬಿಡುವುದು ತರವಲ್ಲ.

ಸಂದೇಶ ಜೊತೆಗಾರರ ಕಣ್ಣಿಗೂ ಬಿದ್ದೀತು ಎಂಬ ಆತಂಕ ನ್ಯಾಯವೇ. ಆದ್ದರಿಂದ ರೋಗಿಯ ಒಪ್ಪಿಗೆ ಮೊದಲು ಬೇಕು. ರೋಗದ ಹೆಸರು ಎಲ್ಲಿಯೂ ಬರಕೂಡದು. ‘ಈ ಗಳಿಗೆ ದಾಟಲಿ. ನೀರು ಕುಡಿಯಿರಿ. ನಾಳೆ ಕಾಯುತ್ತಿರುತ್ತೇವೆ.’ ಇಷ್ಟು ಸಾಕು.

ಇನ್ನು ಭಾಷೆಯ ಮಾತು. ಮುಂಬಯಿ, ಪುಣೆಗಳಲ್ಲಿ ದುಡಿಯುವ ಕನ್ನಡಿಗ ಹಿಂದಿಯಲ್ಲೋ ಮರಾಠಿಯಲ್ಲೋ ವ್ಯವಹಾರ ನಡೆಸಬಲ್ಲ. ನಾಚಿಕೆಯನ್ನೂ ಭಯವನ್ನೂ ಹೇಳಿಕೊಳ್ಳಲು ಅವನಿಗೆ ಮನೆಮಾತೇ ಬೇಕಾಗುತ್ತದೆ. ಇಂಗ್ಲಿಷಿನ ಒಂದು ಎಸ್ಸೆಮ್ಮೆಸ್ಸಿನಲ್ಲಿ 160 ಅಕ್ಷರ ಹಿಡಿದರೆ, ಕನ್ನಡ ಲಿಪಿಯಲ್ಲಿ 70 ಮಾತ್ರ. ಗುಣಿತ, ಒತ್ತುಗಳ ಚಿಹ್ನೆಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಅಷ್ಟು ಇಕ್ಕಟ್ಟಿನಲ್ಲಿ ಉಪದೇಶಕ್ಕೆ ಎಡೆಯಿಲ್ಲ, ಕೃತಕ ಅನುವಾದವಂತೂ ಎದೆಗೆ ತಾಗದು. ಹದವರಿತ ಕನ್ನಡ ಬಲ್ಲವರು ಹೊರನಾಡಿನ ಬಳಗಗಳಲ್ಲಿದ್ದಾರೆ. ಅವರು ಇಂಥ ನೂರು ಸಂದೇಶಗಳನ್ನು ಬರೆದು, ಮನೋವೈದ್ಯರಿಂದ ತಿದ್ದಿಸಿ, ತಮ್ಮ ನಗರದ ವ್ಯಸನಮುಕ್ತಿ ಕೇಂದ್ರಕ್ಕೆ ಒಪ್ಪಿಸಲಿ. ಕವಿಗೋಷ್ಠಿಗೆ ಬಾರದ ಕನ್ನಡಿಗನಿಗೂ ನಮ್ಮ ನುಡಿ ಒದಗಬೇಕಲ್ಲವೇ?