ಚಂದ್ರಲೋಕದ ಪುನರ್ಯಾತ್ರೆ: ಸ್ಪರ್ಧೆಯೂ ವಿವೇಕವೂ

ಚಂದ್ರನಿಗೆ ನಮ್ಮ ನಿಘಂಟುಕಾರರು ಕೊಟ್ಟಿರುವ ಹೆಸರುಗಳು ಒಂದೆರಡಲ್ಲ. ಸುಧಾಕರ, ಹಿಮಾಂಶು, ನಿಶಾಪತಿ, ಮೃಗಾಂಕ, ಶಶಾಂಕ ಎಂದು ಸಂಸ್ಕೃತವು ಬಗೆಬಗೆಯಾಗಿ ಕರೆದ ಆ ಬಿಂಬವನ್ನು ಅಚ್ಚಗನ್ನಡವು ‘ತಿಂಗಳು’ ಎಂಬ ಒಂದು ಮಾತಿನಲ್ಲಿ ಹಿಡಿದಿಟ್ಟಿತು. ಬಾನಿನ ಬೆಳಕಿಗೂ ಮೂವತ್ತು ದಿನಗಳ ಲೆಕ್ಕಕ್ಕೂ ಅದೇ ಶಬ್ದವಾಯಿತು. ಶಶಾಂಕನೆಂದರೆ ಮೊಲದ ಗುರುತುಳ್ಳವನು. ಚಂದ್ರಬಿಂಬದ ಕಪ್ಪು ಕಲೆಯಲ್ಲಿ ನಮ್ಮವರು ಕಂಡ ಆ ಮೊಲವನ್ನೇ ಚೀನಾದೇಶದವರೂ ಕಂಡಿದ್ದರು. 2013ರ ಡಿಸೆಂಬರಿನಲ್ಲಿ ಅವರು ಚಂದ್ರನ ಮೇಲೆ ಇಳಿಸಿದ ನೌಕೆಗೆ ತಮ್ಮ ಪುರಾಣದ ಚಂದ್ರದೇವತೆಯಾದ ಚಾಂಗ್-ಎಯ ಹೆಸರನ್ನೂ, ಅದರಿಂದ ಹೊರಬಂದು ನೆಲದ ಮೇಲೆ ಸಂಚರಿಸಿದ ಪುಟ್ಟ ಬಂಡಿಗೆ ಆ ದೇವತೆಯ ಸಂಗಾತಿಯಾದ ಮೊಲದ ಹೆಸರನ್ನೂ ಇಟ್ಟರು. ಅಮೆರಿಕದವರು ಹಿಂದಿನ ಯಾತ್ರೆಗಳಿಗೆ ಗ್ರೀಕರ ಅಪೊಲೊ ದೇವನ ಹೆಸರಿಟ್ಟಿದ್ದರು. ಈಗಿನ ಯೋಜನೆಗೆ ಅವನ ಅವಳಿ ಸೋದರಿ ಆರ್ಟೆಮಿಸಳ ಹೆಸರನ್ನಿಟ್ಟಿದ್ದಾರೆ. ನಮ್ಮ ನೌಕೆ ಚಂದ್ರಯಾನ. ಹೆಸರಿಡುವ ಹೊತ್ತಿನಲ್ಲಿ ಎಲ್ಲರೂ ತಮ್ಮ ತಮ್ಮ ಅಜ್ಜಿಕಥೆಗಳ ಬಳಿಗೇ ಹೋದದ್ದು ಸಂತೋಷದ ಸಂಗತಿ. ಆದರೆ ಮನುಷ್ಯನನ್ನು ಮರಳಿ ಚಂದ್ರನಲ್ಲಿಗೆ ಕಳುಹಿಸುವ ಈ ಹೊಸ ಪೈಪೋಟಿಯ ಹಿಂದಿರುವ ಉದ್ದೇಶವು ಅಷ್ಟು ಮುಗ್ಧವಾದುದಲ್ಲ. ಅದನ್ನು ಕುರಿತು ವಿಚಾರಶೀಲರು ಯೋಚಿಸಬೇಕಾದ ಕಾಲ ಬಂದಿದೆಯೆಂಬುದೇ ಈ ಲೇಖನದ ಅರಿಕೆ.

ಮೊದಲ ಪೈಪೋಟಿಯ ಕಥೆ ಹಿರಿಯ ಓದುಗರಿಗೆ ನೆನಪಿರಬಹುದು. 1959ರಲ್ಲಿ ರಷ್ಯದ ಲೂನಾ ನೌಕೆಗಳು ಚಂದ್ರನನ್ನು ಮುಟ್ಟಿದವು, ಅದುವರೆಗೆ ಯಾರೂ ಕಾಣದ ಅದರ ಹಿಂಬದಿಯ ಚಿತ್ರವನ್ನೂ ತೆಗೆದವು. 1961ರ ಏಪ್ರಿಲಿನಲ್ಲಿ ಯೂರಿ ಗಗಾರಿನ್ ಅಂತರಿಕ್ಷಕ್ಕೆ ಏರಿದನು. ಮರು ತಿಂಗಳೇ ಅಮೆರಿಕದ ಅಧ್ಯಕ್ಷ ಕೆನೆಡಿಯವರು, ಆ ದಶಕ ಮುಗಿಯುವುದರೊಳಗೆ ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿ ಹಿಂದಕ್ಕೆ ತರುವ ಸಂಕಲ್ಪವನ್ನು ಘೋಷಿಸಿದರು. 1969ರ ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಅಲ್ಲಿ ಇಳಿದುದರಿಂದ ಆ ಸಂಕಲ್ಪ ಈಡೇರಿತು. ಅದಕ್ಕಾದ ವೆಚ್ಚ ಸುಮಾರು 2,500 ಕೋಟಿ ಡಾಲರು. ಒಟ್ಟು 12 ಮಂದಿ ಆ ಧೂಳನ್ನು ತುಳಿದು, 382 ಕಿಲೋಗ್ರಾಂ ಕಲ್ಲುಮಣ್ಣನ್ನು ಹೊತ್ತು ತಂದರು.

ಆಮೇಲೇನಾಯಿತು? ಗೆದ್ದವನಿಗೆ ಆಟ ಬೇಸರವಾಯಿತು. ಸಿದ್ಧವಾಗಿದ್ದ ಯೋಜನೆಯಿಂದ ಕಡೆಯ ಮೂರು ಯಾತ್ರೆಗಳನ್ನು 1970ರಲ್ಲಿಯೇ ಕೈಬಿಡಲಾಯಿತು. ರಷ್ಯದ ಭಾರೀ ರಾಕೆಟ್ಟು 1969ರಿಂದ 1972ರವರೆಗೆ ನಾಲ್ಕು ಸಲ ಹಾರಲೆತ್ನಿಸಿ ನಾಲ್ಕು ಸಲವೂ ವಿಫಲವಾಗಿ, ಅವರೂ ಆಸೆ ಬಿಟ್ಟರು. 1972ರ ಡಿಸೆಂಬರಿನಲ್ಲಿ ಸೆರ್ನನ್ ಮತ್ತು ಶ್ಮಿಟ್ ಹಿಂದಿರುಗಿದ ಮೇಲೆ ಅರ್ಧ ಶತಮಾನ ಕಳೆದರೂ ಆ ನೆಲದ ಮೇಲೆ ಮತ್ತೊಂದು ಹೆಜ್ಜೆ ಮೂಡಲಿಲ್ಲ. ಪೈಪೋಟಿಯು ಮನುಷ್ಯನನ್ನು ಅಲ್ಲಿಗೆ ಕರೆದೊಯ್ಯಬಲ್ಲದು, ಆದರೆ ಅಲ್ಲಿ ಉಳಿಸಲಾರದು ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ. ಅದೇ ಕೆನೆಡಿಯವರು 1963ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ನಿಂತು, ಎರಡು ದೇಶಗಳೂ ಕೂಡಿಯೇ ಚಂದ್ರನಿಗೆ ಹೋಗಬಾರದೇಕೆ ಎಂಬ ಪ್ರಶ್ನೆಯನ್ನು ಲೋಕದ ಮುಂದಿಟ್ಟಿದ್ದರೆಂಬುದನ್ನು ಬಹುಮಂದಿ ಮರೆತಿದ್ದಾರೆ. ಎರಡೇ ತಿಂಗಳಲ್ಲಿ ಅವರ ಹತ್ಯೆಯಾಯಿತು. ಆ ಮಾತೂ ಅವರೊಡನೆ ಮಣ್ಣಾಯಿತು.

ಈಗಿನ ಪೈಪೋಟಿಯ ಸ್ವರೂಪ ಬೇರೆ. ಅಂದು ಧ್ವಜವನ್ನು ಊರಿ ಬರುವುದಷ್ಟೇ ಗುರಿಯಾಗಿತ್ತು; ಇಂದು ಠಾಣ್ಯವನ್ನು ಹೂಡಿ ನೆಲೆನಿಲ್ಲುವ ಆಸೆ ಮೂಡಿದೆ. 2019ರಲ್ಲಿ ಅಮೆರಿಕವು ಐದು ವರ್ಷಗಳೊಳಗೆ ಮನುಷ್ಯರನ್ನು ಇಳಿಸುವೆನೆಂದು ಸಾರಿತು. 2022ರ ನವೆಂಬರಿನಲ್ಲಿ ಅದರ ಆರ್ಟೆಮಿಸ್ ನೌಕೆ ಯಾತ್ರಿಕರಿಲ್ಲದೆ ಚಂದ್ರನನ್ನು ಬಳಸಿ ಬಂದಿತಾದರೂ, ಇಳಿಯುವ ಮುಹೂರ್ತ ಮಾತ್ರ ಮುಂದೆ ಮುಂದೆ ಹೋಯಿತು. ಅತ್ತ ಚೀನಾ ದೇಶವು 2030ರೊಳಗೆ ತನ್ನ ಯಾತ್ರಿಕರನ್ನು ಇಳಿಸುವುದಾಗಿ ಹೇಳಿದೆ. ಆ ದೇಶ ಹೇಳಿದ್ದನ್ನು ಹೇಳಿದ ಕಾಲಕ್ಕೆ ಮಾಡಿ ತೋರಿಸುವ ರೂಢಿಯುಳ್ಳದ್ದು. 2019ರಲ್ಲಿ ಅದರ ನೌಕೆ ಚಂದ್ರನ ಹಿಂಬದಿಯಲ್ಲಿ ಇಳಿಯಿತು. ಮೊದಲು ಹಾಗೆ ಇಳಿದದ್ದು ಅದೇ. 2024ರಲ್ಲಿ ಆ ಹಿಂಬದಿಯಿಂದಲೇ ಸುಮಾರು ಎರಡು ಕಿಲೋಗ್ರಾಂ ಮಣ್ಣನ್ನು ಭೂಮಿಗೆ ತಂದಿತು. 2021ರಲ್ಲಿ ರಷ್ಯದೊಡನೆ ಸೇರಿ ಚಂದ್ರನ ಮೇಲೆ ಸಂಶೋಧನಾ ಠಾಣ್ಯವೊಂದನ್ನು ಕಟ್ಟುವ ಒಡಂಬಡಿಕೆಯನ್ನೂ ಮಾಡಿಕೊಂಡಿದೆ.

ಎರಡು ಪಕ್ಷಗಳ ಕಣ್ಣೂ ಚಂದ್ರನ ದಕ್ಷಿಣ ಧ್ರುವದ ಮೇಲೆಯೇ ಇದೆ. ಇದಕ್ಕೆ ಕಾರಣವುಂಟು. ಚಂದ್ರನ ಅಕ್ಷದ ಓಲು ಕೇವಲ ಒಂದೂವರೆ ಡಿಗ್ರಿ. ಆದುದರಿಂದ ಧ್ರುವದ ಬಳಿ ಸೂರ್ಯನು ದಿಗಂತದ ಅಂಚಿನಲ್ಲಿಯೇ ಸುತ್ತುತ್ತಾನೆ. ಅಲ್ಲಿನ ಆಳವಾದ ಕುಳಿಗಳ ತಳಕ್ಕೆ ನೂರಾರು ಕೋಟಿ ವರ್ಷಗಳಿಂದ ಬಿಸಿಲು ತಾಕಿಲ್ಲ. ಅಲ್ಲಿಯ ಶೀತ ಸೊನ್ನೆಗಿಂತ 200 ಡಿಗ್ರಿಗೂ ಕೆಳಗೆ. ಆ ಕತ್ತಲಲ್ಲಿ ನೀರು ಹಿಮವಾಗಿ ಉಳಿದಿದೆ. ಅದರ ಪಕ್ಕದಲ್ಲಿಯೇ, ವರ್ಷದ ಬಹುಪಾಲು ಬಿಸಿಲು ಬೀಳುವ ಎತ್ತರದ ದಿಬ್ಬಗಳೂ ಇವೆ. ದಿಬ್ಬದಲ್ಲಿ ವಿದ್ಯುತ್ತು, ಕುಳಿಯಲ್ಲಿ ನೀರು. ನೀರಿದ್ದರೆ ಕುಡಿಯಬಹುದು, ಅದನ್ನು ಒಡೆದರೆ ಉಸಿರಾಟಕ್ಕೆ ಆಮ್ಲಜನಕ, ರಾಕೆಟ್ಟಿಗೆ ಜಲಜನಕ ದೊರೆಯುತ್ತವೆ. ಇಂತಹ ತಾಣಗಳು ಬಹಳಿಲ್ಲ, ಕೈಬೆರಳಲ್ಲಿ ಎಣಿಸಬಹುದಾದಷ್ಟು. ಮೊದಲು ಬಂದವನು ಒಳ್ಳೆಯದನ್ನು ಹಿಡಿಯುತ್ತಾನೆ ಎಂಬ ಕಳವಳವೇ ಈ ಓಟದ ಮೂಲ.

ಕವಿಗಳು ಚಂದ್ರನನ್ನು ಹಿಮಾಂಶುವೆಂದು ಕರೆದಿದ್ದರೆಂಬ ಕಾರಣದಿಂದ, ಈ ಹಿಮ ನಮ್ಮ ಪೂರ್ವಿಕರಿಗೆ ಮೊದಲೇ ತಿಳಿದಿತ್ತೆಂದು ಬೀಗುವವರು ಇಲ್ಲದಿಲ್ಲ. ಅದು ಸಲ್ಲದು. ಕವಿಗಳು ಹೇಳಿದ್ದು ಬೆಳುದಿಂಗಳ ತಂಪನ್ನು. ನಾವು ಹೆಮ್ಮೆಪಡಬೇಕಾದ ಸಂಗತಿ ಬೇರೆಯೇ ಇದೆ, ಅದು ನಮ್ಮ ಕಾಲದ್ದೇ ಆಗಿದೆ. 2008ರ ಅಕ್ಟೋಬರ್ 22ರಂದು ಹೊರಟ ನಮ್ಮ ಚಂದ್ರಯಾನ ನೌಕೆಯು ಅಮೆರಿಕದವರ ಉಪಕರಣವೊಂದನ್ನು ಹೊತ್ತೊಯ್ದಿತ್ತು. ಚಂದ್ರನ ನೆಲದಲ್ಲಿ ನೀರಿನ ಅಣುಗಳಿರುವ ಕುರುಹನ್ನು ಆ ಉಪಕರಣ ಗುರುತಿಸಿತು. 2009ರ ಸೆಪ್ಟೆಂಬರಿನಲ್ಲಿ ಅದು ಲೋಕಕ್ಕೆ ತಿಳಿಯಿತು. ಅದೇ ಉಪಕರಣದ ಮಾಹಿತಿಯನ್ನು ಮತ್ತೆ ಶೋಧಿಸಿ 2018ರಲ್ಲಿ ಧ್ರುವದ ನೆರಳಿನಲ್ಲಿ ಹಿಮವಿರುವುದನ್ನು ಖಚಿತಪಡಿಸಿದರು. ನೌಕೆ ಒಬ್ಬರದು, ಉಪಕರಣ ಇನ್ನೊಬ್ಬರದು. ಯಾವ ನೀರಿಗಾಗಿ ಇಂದು ಪೈಪೋಟಿ ಹುಟ್ಟಿದೆಯೋ ಆ ನೀರಿನ ಸುಳಿವು ದೊರೆತದ್ದು ಸಹಕಾರದಿಂದ ಎಂಬುದನ್ನು ಪೈಪೋಟಿಯವರು ಮರೆಯಲಾಗದು.

ಇನ್ನು ಧರ್ಮದ, ಎಂದರೆ ಕಟ್ಟಳೆಯ ಮಾತು. 1967ರ ಅಂತರಿಕ್ಷ ಒಪ್ಪಂದದ ಪ್ರಕಾರ ಚಂದ್ರನನ್ನು ಯಾವ ದೇಶವೂ ತನ್ನ ಸ್ವತ್ತೆಂದು ಸಾರುವಂತಿಲ್ಲ. ಇದಕ್ಕೆ ಅಮೆರಿಕ, ರಷ್ಯ, ಚೀನಾ, ಭಾರತ ಎಲ್ಲವೂ ಬದ್ಧ. ಆದರೆ ಅಗೆದು ತೆಗೆದ ವಸ್ತು ಯಾರದೆಂಬುದನ್ನು ಅದು ಬಿಡಿಸಿ ಹೇಳುವುದಿಲ್ಲ. ಆ ಕೊರತೆಯನ್ನು ತುಂಬಲೆಂದು 1979ರಲ್ಲಿ ಚಂದ್ರನ ಸಂಪತ್ತು ಮನುಕುಲದ ಸಮಾನ ಸ್ವತ್ತೆಂದು ಸಾರುವ ಮತ್ತೊಂದು ಒಪ್ಪಂದವಾಯಿತು. ಅದನ್ನು ದೊಡ್ಡ ದೇಶಗಳಾವುವೂ ಅಂಗೀಕರಿಸಲಿಲ್ಲ. ಭಾರತವು 1982ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. 2015ರಲ್ಲಿ ಅಮೆರಿಕವು, ಅಂತರಿಕ್ಷದಲ್ಲಿ ತೆಗೆದದ್ದು ತೆಗೆದವನದೆಂದು ತನ್ನ ಪ್ರಜೆಗಳಿಗೆ ಹಕ್ಕು ಕೊಡುವ ಕಾನೂನನ್ನು ಮಾಡಿತು. ಅಮೆರಿಕದ ಮುಂದಾಳತ್ವದಲ್ಲಿ 2020ರಲ್ಲಿ ರೂಪುಗೊಂಡ, ಐವತ್ತಕ್ಕೂ ಮಿಕ್ಕ ದೇಶಗಳು ಸಹಿ ಹಾಕಿರುವ ಆರ್ಟೆಮಿಸ್ ಒಡಂಬಡಿಕೆಯೂ ಇದೇ ದಾರಿಯದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರಿಂದ ತೊಂದರೆಯಾಗದಂತೆ ‘ಸುರಕ್ಷಾ ವಲಯ’ಗಳನ್ನು ಗುರುತಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ. 2023ರ ಜೂನಿನಲ್ಲಿ ಭಾರತವೂ ಅದಕ್ಕೆ ಸಹಿ ಹಾಕಿತು. ಚೀನಾ ಮತ್ತು ರಷ್ಯ ದೂರವೇ ಉಳಿದವು.

ಇದನ್ನು ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ, ಕೆರೆ ಊರಿನದು, ಆದರೆ ತೂಬಿನ ಬಾಯಲ್ಲಿ ಮೊದಲು ಗುಡಿಸಲು ಹಾಕಿದವನ ಅಂಗಳಕ್ಕೆ ಯಾರೂ ಕಾಲಿಡಬಾರದು ಎಂದಂತೆ. ಅಪಾಯದ ಯಂತ್ರವಿರುವೆಡೆ ಸುತ್ತಲೂ ಅಂತರ ಬೇಕೆಂಬುದು ನಿಜ. ಇಳಿಯುವ ನೌಕೆಯ ಬೆಂಕಿ ಧೂಳುಕಲ್ಲುಗಳನ್ನು ಬಹುದೂರ ಚಿಮ್ಮಿಸುತ್ತದೆ. ಆದರೆ ಒಳ್ಳೆಯ ತಾಣಗಳೇ ಕೆಲವಾಗಿರುವಾಗ ಸುರಕ್ಷೆಯ ಬೇಲಿಯು ಒಡೆತನದ ಬೇಲಿಯಾಗಲು ತಡವಾಗುವುದಿಲ್ಲ. ನಮ್ಮ ಕೆರೆಗಳಿಗೆ ನೀರಗಂಟಿಯೊಬ್ಬನಿದ್ದನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದು ಅವನ ಪಾಳಿಯಂತೆ ನಡೆಯುತ್ತಿತ್ತು. ಗೌಡನ ಗದ್ದೆಗೂ ಬಡವನ ಗದ್ದೆಗೂ ಅವನೇ ತೂಬು ತೆಗೆಯಬೇಕು. ಚಂದ್ರನ ಮೇಲೆ ಆ ನೀರಗಂಟಿ ಯಾರು? ಈ ಪ್ರಶ್ನೆಗೆ ಉತ್ತರವಿಲ್ಲದೆಯೇ ಎಲ್ಲರೂ ಕೊಡ ಹಿಡಿದು ಓಡುತ್ತಿದ್ದಾರೆ.

ಸ್ಪರ್ಧೆಯೇ ಪ್ರಗತಿಯ ತಾಯಿ, ಅದಿಲ್ಲದಿದ್ದರೆ 1969ರ ಸಾಹಸವೇ ನಡೆಯುತ್ತಿರಲಿಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ವಾದದಲ್ಲಿ ಹುರುಳಿದೆ. ನಾನು ಸ್ಪರ್ಧೆಯನ್ನು ನಿಲ್ಲಿಸಿರೆನ್ನುತ್ತಿಲ್ಲ. ಓಟಕ್ಕೆ ಮೊದಲು ಗೆರೆ ಎಳೆಯಿರೆನ್ನುತ್ತೇನೆ. ಹಾಗೆ ಗೆರೆ ಎಳೆದ ಉದಾಹರಣೆ ಭೂಮಿಯ ಮೇಲೆಯೇ ಇದೆ. ಅಂಟಾರ್ಕ್ಟಿಕ ಖಂಡದ ಮೇಲೆ ಏಳು ದೇಶಗಳು ಒಡೆತನ ಸಾರಿದ್ದವು. ಅಮೆರಿಕ ರಷ್ಯಗಳ ವೈರ ಉರಿಯುತ್ತಿದ್ದ 1959ರಲ್ಲಿಯೇ ಅವೆರಡೂ ಸೇರಿದಂತೆ 12 ದೇಶಗಳು ಕುಳಿತು, ಆ ಹಕ್ಕುಗಳನ್ನು ಬದಿಗಿರಿಸಿ, ಸೇನೆಯನ್ನು ದೂರವಿಟ್ಟು, ಆ ನೆಲವನ್ನು ವಿಜ್ಞಾನಕ್ಕೆ ಮೀಸಲಿಟ್ಟವು. ಒಬ್ಬರ ಠಾಣ್ಯವನ್ನು ಇನ್ನೊಬ್ಬರು ಪರೀಕ್ಷಿಸುವ ಹಕ್ಕನ್ನೂ ಇಟ್ಟುಕೊಂಡವು. 1991ರಲ್ಲಿ ಗಣಿಗಾರಿಕೆಯನ್ನೂ ನಿಷೇಧಿಸಿದವು. 1983ರಲ್ಲಿ ಸೇರಿದ ಭಾರತವೂ ಅಲ್ಲಿ ಠಾಣ್ಯ ಕಟ್ಟಿ ಕೆಲಸ ಮಾಡುತ್ತಿದೆ. ಹಿಮದ ಮೇಲೆ ಸಾಧ್ಯವಾದ ವಿವೇಕ ಚಂದ್ರನ ಮೇಲೆ ಏಕೆ ಅಸಾಧ್ಯ?

ಈ ಮಾತನ್ನು ಎತ್ತಿ ಆಡುವ ಯೋಗ್ಯತೆ ಇಂದು ಭಾರತಕ್ಕಿದೆ. 2019ರಲ್ಲಿ ನಮ್ಮ ವಿಕ್ರಮ್ ನೌಕೆ ಇಳಿಯುವಾಗ ಮುಗ್ಗರಿಸಿತು. ನಾಲ್ಕು ವರ್ಷ ತಾಳ್ಮೆಯಿಂದ ದುಡಿದು 2023ರ ಆಗಸ್ಟ್ 23ರಂದು ನಮ್ಮವರು ದಕ್ಷಿಣ ಧ್ರುವದತ್ತಣ ನೆಲದ ಮೇಲೆ, ಅದುವರೆಗೆ ಯಾರೂ ಇಳಿಯದಷ್ಟು ದಕ್ಷಿಣಕ್ಕೆ, ನೌಕೆಯನ್ನು ಇಳಿಸಿದರು. ಆ ಸಂಜೆ ಅದರ ಲಗಾಮು ಬೆಂಗಳೂರಿನಲ್ಲಿತ್ತು. ಅದರೊಡನೆ ಮಾತನಾಡಿದ 32 ಮೀಟರು ಅಗಲದ ದೊಡ್ಡ ಆಂಟೆನಾ ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿದೆ. ಅದಕ್ಕೆ ನಾಲ್ಕು ದಿನ ಮೊದಲು ರಷ್ಯದ ಲೂನಾ ನೌಕೆ ಅಪ್ಪಳಿಸಿ ಒಡೆದಾಗ ನಾವು ಹಿಗ್ಗಲಿಲ್ಲ, ಹಿಗ್ಗಬಾರದು ಕೂಡ. ಗಗನಯಾನಕ್ಕೆ ಆಯ್ಕೆಯಾದ ನಮ್ಮ ನಾಲ್ವರು ತರಬೇತಿ ಪಡೆದದ್ದು ಆ ದೇಶದಲ್ಲಿಯೇ. ಒಂದು ಕಡೆ ಅಮೆರಿಕದೊಡನೆ ಒಡಂಬಡಿಕೆ, ಇನ್ನೊಂದು ಕಡೆ ರಷ್ಯದೊಡನೆ ಹಳೆಯ ಸ್ನೇಹ, ಜಪಾನಿನೊಡನೆ ಮುಂದಿನ ಚಂದ್ರಯಾತ್ರೆಯ ಸಿದ್ಧತೆ. ಎರಡು ಬಣಗಳ ನಡುವೆ ನಿಂತು ಮಾತನಾಡಬಲ್ಲ ದೇಶ ಇನ್ನಾವುದಿದೆ?

ಭಾರತ ಕೇಳಬೇಕಾದುವು ಮುಖ್ಯವಾಗಿ ಮೂರು. ಠಾಣ್ಯಗಳು ಏಳುವುದಕ್ಕೆ ಮೊದಲೇ ನೀರು ಬಿಸಿಲುಗಳ ತಾಣಗಳಿಗೆ ಪಾಳಿಯ ಕಟ್ಟಳೆಯಾಗಲಿ. ಯಾರು ಎಲ್ಲಿ ಇಳಿಯುತ್ತಾರೆ, ಏನನ್ನು ಅಗೆಯುತ್ತಾರೆ ಎಂಬುದನ್ನು ಎರಡು ಬಣಗಳೂ ಪರಸ್ಪರ ತಿಳಿಸಲಿ. ಎಲ್ಲರ ನೌಕೆಗಳ ಬಾಗಿಲೂ ಒಂದಕ್ಕೊಂದು ಕೂಡುವಂತಿರಲಿ. ಕಡೆಯ ಮಾತು ಅಲ್ಪವೆನಿಸೀತು. ಆದರೆ ನಾಲ್ಕು ಲಕ್ಷ ಕಿಲೋಮೀಟರು ದೂರದಲ್ಲಿ ಒಬ್ಬ ಯಾತ್ರಿಕನು ಉಸಿರುಗಟ್ಟುತ್ತಿರುವಾಗ, ಪಕ್ಕದ ಠಾಣ್ಯದವರ ಬಾಗಿಲು ಅವನ ನೌಕೆಗೆ ಕೂಡದೆ ಹೋದರೆ ಅದಕ್ಕಿಂತ ನಾಚಿಕೆಗೇಡು ಉಂಟೆ? 1975ರಲ್ಲಿಯೇ ಅಮೆರಿಕ ಮತ್ತು ರಷ್ಯದ ನೌಕೆಗಳು ಅಂತರಿಕ್ಷದಲ್ಲಿ ಕೂಡಿ, ಯಾತ್ರಿಕರು ಕೈಕುಲುಕಿದ್ದರು. ಆದರೆ 2011ರಿಂದ ಅಮೆರಿಕದ ಅಂತರಿಕ್ಷ ಸಂಸ್ಥೆಗೆ ಚೀನಾದೊಡನೆ ನೇರ ಸಹಕಾರವನ್ನು ಅಲ್ಲಿನ ಕಾನೂನು ತಡೆದಿದೆ. ಇಂಥಲ್ಲಿ ಮಧ್ಯಸ್ಥನೊಬ್ಬನು ಬೇಕು.

2040ರೊಳಗೆ ಭಾರತೀಯನೊಬ್ಬನನ್ನು ಚಂದ್ರನ ಮೇಲೆ ಇಳಿಸುವ ಗುರಿಯನ್ನು ನಮ್ಮ ಸರ್ಕಾರ 2023ರಲ್ಲಿ ಇರಿಸಿಕೊಂಡಿತು. ಇಂದು ಪ್ರೌಢಶಾಲೆಯ ಮಣೆಯ ಮೇಲೆ ಕುಳಿತಿರುವ ಬಾಲಕ ಬಾಲಕಿಯರು ಆ ಹೊತ್ತಿಗೆ ಮೂವತ್ತರ ಆಸುಪಾಸಿನವರಾಗಿರುತ್ತಾರೆ. ಹೋಗುವವರು ಅವರಲ್ಲೊಬ್ಬರಿರಬಹುದು; ಕಟ್ಟಳೆಯನ್ನು ಬರೆಯುವವರಂತೂ ಆ ಪೀಳಿಗೆಯವರೇ. ಆದುದರಿಂದ ಅಧ್ಯಾಪಕ ಬಂಧುಗಳು ವಿಜ್ಞಾನದ ಪಾಠದಲ್ಲಿ ರಾಕೆಟ್ಟಿನ ಚಿತ್ರವನ್ನು ಬರೆಸುವಾಗ ಸಮಾಜದ ಪಾಠದಲ್ಲಿ 1967ರ ಒಪ್ಪಂದವನ್ನೂ ಓದಿಸಲಿ. ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ಬಿನ್ನಹ: ಶಾಲೆಗೆ ಒಂದು ಒಳ್ಳೆಯ ದೂರದರ್ಶಕವನ್ನು ಕೊಡಿಸಿರಿ. ಶುಕ್ಲಪಕ್ಷದ ಅಷ್ಟಮಿಯ ಆಸುಪಾಸಿನ ಸಂಜೆ ಅದರಲ್ಲಿ ಕಣ್ಣಿಟ್ಟ ಮಗುವಿಗೆ, ಬೆಳಕು ಕತ್ತಲೆಗಳ ಗಡಿಯಲ್ಲಿ ದಕ್ಷಿಣದ ಕುಳಿಗಳ ನೆರಳು ತಾನೇ ಕಾಣುತ್ತದೆ. ಅಲ್ಲಿ ಯಾವ ದೇಶದ ಬೇಲಿಯೂ ಇಲ್ಲದಿರುವುದನ್ನೂ ಆ ಮಗು ನೋಡಿಕೊಳ್ಳಲಿ.