ಮರಗೆಣಸಿನ ಬಿರಿಯಾನಿ

ಕಬಿನಿಯ ದಡದಲ್ಲಿರುವ ಮರಕ್ಕಡವಿನಿಂದ ಹೊಳೆ ದಾಟಿದರೆ ಕರ್ನಾಟಕದ ಬೈರಕುಪ್ಪೆ. ಈಚೆ ದಡದಲ್ಲಿ ಮಳೆಗಾಲದ ಸಂಜೆಗೆ ಒಪ್ಪುವ ಊಟ ಕಪ್ಪ ಬಿರಿಯಾನಿ. ಹೆಸರು ಬಿರಿಯಾನಿಯಾದರೂ ಒಳಗೆ ಅಕ್ಕಿಯ ಒಂದು ಕಾಳೂ ಇಲ್ಲ; ಇರುವುದು ಮರಗೆಣಸು ಮತ್ತು ದನದ ಮಾಂಸ. 1940ರ ದಶಕದಿಂದೀಚೆಗೆ ತಿರುವಿದಾಂಕೂರಿನಿಂದ ವಯನಾಡಿಗೆ ವಲಸೆ ಬಂದ ರೈತರ ಹಸಿವನ್ನು ನೀಗಿಸಿದ್ದು ಇದೇ ಗೆಣಸು.

ಎಲುಬು ಸಹಿತ ಅರ್ಧ ಕಿಲೋ ಮಾಂಸವನ್ನು ಅರಿಸಿನ, ಮೆಣಸಿನಪುಡಿ, ಕೊತ್ತಂಬರಿ, ಕಾಳುಮೆಣಸು, ಶುಂಠಿ, ಬೆಳ್ಳುಳ್ಳಿಯೊಂದಿಗೆ ಮೆತ್ತಗೆ ಬೇಯಿಸಬೇಕು. ಒಂದು ಕಿಲೋ ಗೆಣಸಿಗೆ ಬೇರೆಯೇ ಪಾತ್ರೆ. ಇಲ್ಲಿ ಮಾತ್ರ ಅವಸರ ಸಲ್ಲದು. ಮರಗೆಣಸಿನಲ್ಲಿ ಸಯನೈಡ್ ಬಿಡುವ ಅಂಶವಿದೆ. ಕಹಿ ತಳಿಗಳಲ್ಲಿ ಅದು ಹೆಚ್ಚು. ಆದಕಾರಣ ಸಿಪ್ಪೆಯನ್ನು ಪೂರ್ತಿ ತೆಗೆದು, ಸಣ್ಣ ಹೋಳು ಮಾಡಿ, ಧಾರಾಳ ನೀರಿನಲ್ಲಿ ಮುಚ್ಚಳವಿಲ್ಲದೆ ಕುದಿಸಿ, ಆ ನೀರನ್ನು ಚೆಲ್ಲಿಬಿಡಬೇಕು. ಸಾರಿಗಾಗಲಿ ಕೊಟ್ಟಿಗೆಗಾಗಲಿ ಅದು ಬೇಡ. ಕಹಿಯೆನಿಸಿದ ಗೆಣಸನ್ನು ಮಕ್ಕಳ ತಟ್ಟೆಗೆ ಬಡಿಸಲೇಬಾರದು.

ಬಸಿದ ಗೆಣಸನ್ನು ಮಾಂಸಕ್ಕೆ ಸೇರಿಸಿ, ಹುರಿದರೆದ ತೆಂಗಿನತುರಿ ಹಾಕಿ, ಮರದ ಸೌಟಿನಿಂದ ಅರೆಬರೆ ಮಸೆದು, ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರಾಯಿತು. ದನದ ಮಾಂಸ ತಿನ್ನದ ಮನೆಗಳಲ್ಲಿ ಕೋಳಿಯೂ ಸಲ್ಲುತ್ತದೆ. ಎಲುಬಿನ ರಸದ ಆ ಗಾಢತೆ ಮಾತ್ರ ಬಾರದು. ಜೊತೆಗೆ ಹಾಲಿಲ್ಲದ ಬಿಸಿ ಚಹಾ.