ಪುಕ್ಕಟೆ ಅಂದ್ರೆ ಗುಜರಿಗೆ ದಾರಿ

ಮೊನ್ನೆ ಭಾನುವಾರ ಜಯನಗರದ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ರೆಕಾರ್ಡುಗಳ ರಾಶಿ ಕೆದಕ್ತಾ ಕೂತಿದ್ದೆ. 'ನಾಗರಹಾವು' ಚಿತ್ರದ ಪುಟ್ಟ ಇಪಿ ಸಿಕ್ತು. ಬೆಲೆ ಕೇಳಿದೆ.

"ಎಂಟುನೂರು ಸಾರ್. ಪುಟ್ಟಣ್ಣ, ವಿಷ್ಣುವರ್ಧನ್... ಇನ್ನೇನ್ ಬೇಕು?"

ಬೆಳಕಿಗೆ ಹಿಡಿದು ನೋಡಿದ್ರೆ ಮೈತುಂಬಾ ಗೀರು! ಅದರ ಕೆಳಗೆ ಕವರೂ ಇಲ್ಲದ, ಅರಗಿನ 78 ಆರ್‌ಪಿಎಂ ತಟ್ಟೆಯೊಂದಿತ್ತು. ಕನ್ನಡ ನಾಟಕದ ಹಾಡು. ಇದಕ್ಕೆಷ್ಟು ಅಂದೆ.

"ಅದಾ? ಸುಮ್ನೆ ತಗೊಂಡ್ಹೋಗಿ ಸಾರ್. ಹಾಕೋಕೆ ಮಿಷಿನ್ನೇ ಇಲ್ಲ ಯಾರ ಹತ್ರಾನೂ."

ಆ ಮಾತು ಕೇಳಿ ಹೊಟ್ಟೆ ಕಿವುಚಿದಂಗಾಯ್ತು. ಬನಶಂಕರಿಯ ನಮ್ಮ ತಾತನ ಮನೆ ಕೆಡವುವಾಗ ಇಂಥದ್ದೇ ತಟ್ಟೆಗಳ ಒಂದು ಪೆಟ್ಟಿಗೆ ಇತ್ತು. ಗುಜರಿಯವನು "ಇದಕ್ಕೆ ದುಡ್ಡು ಬರಲ್ಲ, ಬೇಕಿದ್ರೆ ಪುಕ್ಕಟೆ ಒಯ್ತೀನಿ" ಅಂದ. ಪೆಟ್ಟಿಗೆ ಹೊತ್ತು ಅವನ ಗಾಡಿಗೆ ಇಟ್ಟವನು ನಾನೇ. ಅಜ್ಜಿ ಅಡುಗೆಮನೆಯಲ್ಲಿ ಗುನುಗ್ತಿದ್ದ ಹಾಡು ಅದರಲ್ಲಿತ್ತು. ಆಮೇಲೆ ಎಷ್ಟು ಹುಡುಕಿದ್ರೂ ಸಿಕ್ಕಿಲ್ಲ. ಹಾಡಿದವರ ಹೆಸರೂ ಗೊತ್ತಿಲ್ಲ. ಲೇಬಲ್ ಮೇಲೆ ಇದ್ದೇ ಇತ್ತು, ನಾವು ಯಾರೂ ಓದಿರಲಿಲ್ಲ ಅಷ್ಟೆ.

ಹಳೇ ರೆಕಾರ್ಡಿಗೆ ಸಾವಿರಗಟ್ಟಲೆ ಸುರಿಯೋದು ದುಡ್ಡಿದ್ದೋರ ಹುಚ್ಚು ಅಂತ ಬಹಳ ಜನ ಹೇಳ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಈಗ ಅನ್ಸುತ್ತೆ, ಬೆಲೆ ಇಲ್ಲದಿರೋದೇ ದೊಡ್ಡ ಅಪಾಯ. ಅಮೆರಿಕದ ಫ್ರಾಂಕ್ ವಿಲ್ಸನ್ 1965ರಲ್ಲಿ ಮೋಟೌನ್ ಕಂಪನಿಗೆ ಹಾಡಿದ ಒಂದು ಸೋಲ್ ಹಾಡು ಮಾರಾಟಕ್ಕೇ ಬರಲಿಲ್ಲ, ಉಳಿದದ್ದು ಬೆರಳೆಣಿಕೆಯ ಪ್ರತಿಗಳು. ಅಂಥ ಹಾಡುಗಳಿಗೆ ಉತ್ತರ ಇಂಗ್ಲೆಂಡಿನ ಹುಡುಗರು ರಾತ್ರಿಯಿಡೀ ಕುಣಿದರು, ಮರೆತುಹೋದ ತಟ್ಟೆಗಳನ್ನ ಹುಡುಕಿ ಹುಡುಕಿ ತಂದರು. 2009ರಲ್ಲಿ ವಿಲ್ಸನ್‌ನ ಒಂದು ಪ್ರತಿ 25 ಸಾವಿರ ಪೌಂಡಿಗೂ ಮೇಲೆ ಹೋಯ್ತು. ಇಂಥ ಸುದ್ದಿ ಕೇಳಿದೋರು ಅಟ್ಟದ ಮೇಲಿನ ಪೆಟ್ಟಿಗೆ ಎಸೆಯೋ ಮುಂಚೆ ಒಂದ್ಸಲ ತೆಗೆದು ನೋಡ್ತಾರೆ. ಬೆಲೆಯಿಂದಾಗೋ ಉಪಕಾರ ಅದು.

ಆದರೆ ಬೆಲೆ ಕಟ್ಟೋದು ಯಾವುದಕ್ಕೆ? ನಮ್ಮಲ್ಲಿ ಕವರ್ ಮೇಲಿನ ಮುಖಕ್ಕೆ! 'ಜೇಡರ ಬಲೆ'ಗೆ (1968) ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಹೆಸರು ಹೇಳಿ ರೆಕಾರ್ಡು ಕೇಳೋರು ಎಷ್ಟು ಜನ? ರಾಜ್ ಫೋಟೋ ಇದ್ರೆ ಸಾಕು. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ತಟ್ಟೆಯ ಸ್ಥಿತಿ: ಗೀರು, ಬೂಷ್ಟು, ಸೊಟ್ಟಗಾಗಿದೆಯಾ ಅಂತ. ಆಮೇಲೆ ಲೇಬಲ್ಲು, ಅದರ ಸುತ್ತ ಕೊರೆದಿರೋ ನಂಬರು. ಮೊದಲ ಮುದ್ರಣವೋ ಮರುಮುದ್ರಣವೋ ಅಂತ ಪತ್ತೆ ಮಾಡೋಕೆ ಅವೇ ಸುಳಿವು. ಮುಖ ಕೊನೆಗೆ.

ಇನ್ನೊಂದು ಮಾತು, ಸಂಗ್ರಹಕಾರ ಮಿತ್ರರಿಗೆ ಬೇಜಾರಾಗಬಹುದು. ಕೊಂಡು ಬೀರುವಿನಲ್ಲಿ ಬೀಗ ಹಾಕಿಡೋದಾದ್ರೆ ಅದಕ್ಕೂ ಗುಜರಿಗೂ ಏನು ವ್ಯತ್ಯಾಸ? ಲೇಬಲ್ಲಿನ ಫೋಟೋ ತೆಗೆಯಿರಿ, ಹಾಡಿದವರ ಹೆಸರು ಕನ್ನಡದಲ್ಲಿ ಟೈಪಿಸಿ ಹಾಕಿ, ಯಾರಾದ್ರೂ ಹುಡುಕಿದ್ರೆ ಸಿಗಲಿ. ಆಗೋದಾದ್ರೆ ಕಂಪ್ಯೂಟರಿಗೂ ಇಳಿಸಿ. 78ಕ್ಕೆ ಅದೇ ವೇಗದ ಪ್ಲೇಯರು, ದಪ್ಪ ಮುಳ್ಳು ಬೇಕು; ಎಲ್‌ಪಿಯ ಸಣ್ಣ ಮುಳ್ಳು ಆಗಲ್ಲ. ನಮ್ಮ ಕಾನೂನಿನಲ್ಲಿ ಪ್ರಕಟವಾಗಿ 60 ವರ್ಷ ಕಳೆದ ಮೇಲೆ ಧ್ವನಿಮುದ್ರಣದ ಹಕ್ಕು ಮುಗಿಯುತ್ತೆ, ಸಾಹಿತ್ಯ-ಸಂಗೀತದ ಹಕ್ಕು ಬೇರೆ ಲೆಕ್ಕ. ಅದನ್ನ ನೋಡ್ಕೊಂಡೇ ನೆಟ್‌ಗೆ ಹಾಕಿ.

ಅಂದಹಾಗೆ, ಆ ನಾಟಕದ ತಟ್ಟೆ ತಗೊಂಡೆ. ಪುಕ್ಕಟೆ ಅಲ್ಲ, ಹಟ ಮಾಡಿ ಇನ್ನೂರು ರೂಪಾಯಿ ಕೊಟ್ಟೆ. ಅಂಗಡಿಯವನು ನನ್ನನ್ನ ಪೆದ್ದ ಅಂದ್ಕೊಂಡಿರಬೇಕು :-) ಅಂದ್ಕೊಳ್ಳಲಿ. ಇನ್ನೊಂದು ಅಂಥದ್ದು ಬಂದ್ರೆ ಎಸೆಯಲ್ಲವಲ್ಲ!

ನಿಮ್ಮನೆ ಅಟ್ಟದ ಮೇಲೇನಿದೆ? ಲೇಬಲ್ ಓದಿ ಹೇಳಿ.